ದಣಿದ ಸ್ವಾಮಿಗೆ ಬಟ್ಟೆ ಉಡಿಸುವವಳು

ದೊನಾತಾಳನ್ನು ಊರಿಗೆ ಊರೇ ಸಂತಳು ಎಂದು ಕರೆಯುತ್ತದೆ. ಕರೆಯುವವರ ಗಂಟೇನು ಹೋಗಬೇಕು? ಬೆಳಗಾಗೆದ್ದು ಅತ್ತೆಯ ಹಾಸಿಗೆ ಬದಲಿಸುವವಳು ಅವಳು. ಆ ಭಾರದ ಮೈಯನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸಿ ಹೊರಳಿಸಿ ಸೊಂಟ ಕಳೆದುಕೊಂಡವಳೂ ಅವಳೇ. ನಾನು ತೆಕ್ಲಾ, ಎದುರು ಮನೆಯವಳು, ಗಂಡ ಸತ್ತವಳು. ನಮ್ಮ ಓಣಿ ಎಷ್ಟು ಕಿರಿದೆಂದರೆ ಅವಳು ಈರುಳ್ಳಿ ಹೆಚ್ಚಿದರೆ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಅವಳ ವಿಷಯ ಹೇಳಲು ನನಗಿಂತ ಬೇರೆಯವರು ಯಾಕೆ ಬೇಕು?

ಅವಳು ಈ ಬೆಟ್ಟದೂರಿಗೆ ಸೊಸೆಯಾಗಿ ಬಂದಾಗ ತೆಳ್ಳಗೆ, ಸದಾ ನಗುವ ಹುಡುಗಿ. ಗಂಡ ವೀತೊ ಲಾರಿ ಓಡಿಸುತ್ತಾನೆ. ಶನಿವಾರ ಬರುತ್ತಾನೆ, ಭಾನುವಾರ ಮಲಗುತ್ತಾನೆ, ಸೋಮವಾರ ಹೋಗುತ್ತಾನೆ. ಒಳ್ಳೆಯವನೇ, ಆದರೆ ಮನೆಯಲ್ಲಿ ಇರುವುದೇ ಇಲ್ಲವಲ್ಲ. ಮಕ್ಕಳಾಗಲಿಲ್ಲ. ಉಳಿದದ್ದು ಅತ್ತೆ ಎರ್ಮೀನಿಯಾ. ಆಕೆ ಗಟ್ಟಿಮುಟ್ಟಾಗಿದ್ದಾಗಿನ ಬಾಯಿ ನಮ್ಮ ಓಣಿಯವರಿಗೆಲ್ಲ ಗೊತ್ತು. ಸೊಸೆ ಬೇಯಿಸಿದ ಕಡಲೆಕಾಳಿನ ಸೂಪನ್ನು ಒಂದು ಚಮಚ ಬಾಯಿಗಿಟ್ಟು, "ಹಸಿದ ನಾಯಿ ತಿನ್ನಬಹುದು" ಎನ್ನುತ್ತಿದ್ದಳು, ಆಮೇಲೆ ಬಟ್ಟಲು ಖಾಲಿ ಮಾಡುತ್ತಿದ್ದಳು. ಪಾರ್ಶ್ವವಾಯು ಹೊಡೆದು ಎಡಭಾಗ ಪೂರ್ತಿ ಬಿದ್ದುಹೋದಾಗ ನಾವೆಲ್ಲ ನಾಲಿಗೆಯೂ ಬಿದ್ದಿರಬೇಕು ಎಂದುಕೊಂಡೆವು. ನಾಲಿಗೆಗೆ ಏನೂ ಆಗಿರಲಿಲ್ಲ.

ಆ ಮನೆಗೆ ಒಂದು ಹಕ್ಕಿದೆ. ನಮ್ಮ ಇಗರ್ಜಿಯಲ್ಲಿ ಮರದಲ್ಲಿ ಕೆತ್ತಿದ ಯೇಸುಸ್ವಾಮಿ ಇದ್ದಾನೆ. ಶಿಲುಬೆಯ ಮೇಲಲ್ಲ, ಶಿಲುಬೆ ಹೊತ್ತು ಬೆಟ್ಟ ಹತ್ತಿ, ಮೊಳೆ ಹೊಡೆಯುವುದಕ್ಕೆ ಮುಂಚೆ ಒಂದು ಕಲ್ಲಿನ ಮೇಲೆ ಕೂತಿದ್ದಾನೆ. ಮೊಣಕೈ ತೊಡೆಯ ಮೇಲೆ, ಕೆನ್ನೆ ಅಂಗೈಯಲ್ಲಿ. ಅವನನ್ನು ನಾವು ದಣಿದ ಸ್ವಾಮಿ ಎನ್ನುತ್ತೇವೆ. ಶುಭ ಶುಕ್ರವಾರ ಇಗರ್ಜಿಯ ಭಕ್ತರ ಸಂಘದ ಗಂಡಸರು ಅವನನ್ನು ಹೊತ್ತು ಊರು ಸುತ್ತಿಸುತ್ತಾರೆ. ಅದಕ್ಕೆ ಎರಡು ದಿನ ಮುಂಚೆ, ಬುಧವಾರ, ಹಳೆಯ ನಿಲುವಂಗಿ ತೆಗೆದು, ಮೈಯನ್ನು ಹತ್ತಿಯಲ್ಲಿ ಎಣ್ಣೆ ಅದ್ದಿ ಒರೆಸಿ, ಹಬ್ಬದ ಕೆಂಪು ಮಖಮಲ್ಲಿನ ನಿಲುವಂಗಿ ಹೊದಿಸಿ, ಕೊರಳಲ್ಲಿ ರೇಷ್ಮೆ ದಾರದ ಗಂಟು ಹಾಕಬೇಕು. ಆ ಕೆಲಸ ಎರ್ಮೀನಿಯಾಳ ಮನೆಯ ಹೆಂಗಸರದ್ದು, ಅತ್ತೆಯಿಂದ ಸೊಸೆಗೆ ಬರುತ್ತದೆ. ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಬೇಕು. ಬಟ್ಟೆಯೊಳಗಿನ ಮೈಯನ್ನು ಬೇರೆ ಯಾರೂ ನೋಡುವಂತಿಲ್ಲ. ಉಡಿಸುವವಳು ಅಂದು ಬೆಳಿಗ್ಗೆ ಪಾದ್ರಿಯ ಕಿವಿಯಲ್ಲಿ ತನ್ನ ಪಾಪ ಹೇಳಿಕೊಂಡು ಪಾಪನಿವೇದನೆ ಮಾಡಿ ಬಂದಿರಬೇಕು. ಮಾಡದ ಕೈ ಸ್ವಾಮಿಯನ್ನು ಮುಟ್ಟಬಾರದು.

ಅತ್ತೆ ಹಾಸಿಗೆ ಹಿಡಿದಂದಿನಿಂದ ದೊನಾತಾಳೇ ಉಡಿಸುತ್ತಿದ್ದಾಳೆ. ಪ್ರತಿ ವರ್ಷ ಆ ಹೊತ್ತಿಗೆ ಅತ್ತೆಯ ಪಕ್ಕ ಕೂರುವುದು ನಾನು. ಒಂದು ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾದಾಗಿನಿಂದ ಹುಡುಗಿ ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಎದ್ದು ಹೋಗುತ್ತಿರಲಿಲ್ಲ, ಬೆಂಚಿನಲ್ಲೇ ಕೂತಿರುತ್ತಿದ್ದಳು. ಹೇಳಿಕೊಳ್ಳದ ಪಾಪವಿದ್ದವರು ಮಾತ್ರ ಹಾಗೆ ಕೂರುವುದು. ನನಗೆ ತಡೆಯಲಿಲ್ಲ. ಬಟ್ಟೆ ಒಣಹಾಕಲು ಇಬ್ಬರೂ ನಮ್ಮ ನಮ್ಮ ಬಾಲ್ಕನಿಗೆ ಬಂದಾಗ ಕೇಳಿಯೇಬಿಟ್ಟೆ.

"ಏನೇ, ಯಾರನ್ನಾದ್ರೂ ಇಟ್ಕೊಂಡಿದ್ಯಾ?"

ನಗುತ್ತಾಳೆಂದು ಹಾಗೆ ಕೇಳಿದ್ದು. ಅವಳು ಹಗ್ಗದ ಮೇಲಿನ ಒದ್ದೆ ದುಪ್ಪಟಿಯ ಹಿಂದೆ ಮುಖ ಮರೆಸಿಕೊಂಡಳು.

"ತೆಕ್ಲಕ್ಕ, ನಾನು ಅತ್ತೆ ಸಾಯ್ಲಿ ಅಂತ ಬೇಡ್ಕೋತಿದ್ದೀನಿ."

"ಅಷ್ಟೇನಾ? ಅವಳ ನೋವು ನೋಡೋಕಾಗ್ದೆ ಬೇಡ್ಕೊಂಡಿರ್ತೀಯ, ಬಿಡು."

"ಅಲ್ಲಕ್ಕ. ಅವರಿಗೋಸ್ಕರ ಅಲ್ಲ, ನನಗೋಸ್ಕರ. ನನ್ನ ಕೈಲಿ ಆಗ್ತಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೇಲಿ ಸ್ವಾಮಿ ಪಟದ ಮುಂದೆ ನಿಂತು, ಇವಳನ್ನ ಕರ್ಕೊಂಬಿಡು, ಈ ವಾರಾನೇ ಕರ್ಕೋ ಅಂತೀನಿ. ಆಮೇಲೆ ಒಳಗೆ ಹೋಗಿ ಅವರಿಗೆ ಹಾಲು ಕುಡಿಸ್ತೀನಿ."

ಹೇಳಿಬಿಟ್ಟು ಕ್ಲಿಪ್ಪುಗಳನ್ನು ಒಂದೊಂದಾಗಿ ಹಾಕತೊಡಗಿದಳು. ಪಾಪನಿವೇದನೆ ಮಾಡಿ ಹಗುರಾಗು ಎಂದೆ. ಅಲ್ಲೇ ಇತ್ತು ತೊಡಕು. ನಮ್ಮ ಪಾದ್ರಿ ದೊನ್ ಸವೇರಿಯೊ ಎರ್ಮೀನಿಯಾಳ ತಂಗಿಯ ಮಗ. ತಾಯಿಯಿಲ್ಲದ ಕೂಸಾಗಿ ಆಕೆಯ ಮನೆಯಲ್ಲೇ ಬೆಳೆದವನು. ವಾರಕ್ಕೊಮ್ಮೆ ಪರಮಪ್ರಸಾದ ತಂದು ದೊಡ್ಡಮ್ಮನ ಬಾಯಿಗಿಟ್ಟು, ಹಣೆಗೆ ಮುತ್ತಿಟ್ಟು, ಮೆಟ್ಟಿಲಿಳಿಯುವಾಗ ದೊನಾತಾಳ ಕೈ ಹಿಡಿದು, "ನೀವು ಸಂತಳು ಕಣಮ್ಮ, ನೀವಿಲ್ದಿದ್ರೆ ನಮ್ಮ ದೊಡ್ಡಮ್ಮನ ಗತಿ ಏನು" ಎನ್ನುತ್ತಾನೆ. ಅಂಥವನ ಕಿವಿಯಲ್ಲಿ ಈ ಮಾತು ಹೇಗೆ ಹಾಕುವುದು?

"ಹಾಗಾದ್ರೆ ಬಸ್ಸು ಹತ್ತಿ ಪಕ್ಕದೂರು ಮೊಂತೆಸಾಲ್ವೊ ಪಾದ್ರಿ ಹತ್ರ ಹೋಗು."

"ತಪಸ್ಸು ಕಾಲದಲ್ಲಿ ಬೆಳಗಿನ ಬಸ್ಸಲ್ಲಿ ಮೊಂತೆಸಾಲ್ವೊಗೆ ಹೋಗೋರು ಯಾತಕ್ಕೆ ಹೋಗ್ತಾರೆ ಅಂತ ಯಾರಿಗೆ ಗೊತ್ತಿಲ್ಲ ಅಕ್ಕ? ಡ್ರೈವರ್ರೇ ಕೇಳ್ತಾನೆ, ದೊಡ್ಡದಾ ಚಿಕ್ಕದಾ ಅಂತ."

ಅದೂ ನಿಜ. ನಮ್ಮೂರಲ್ಲಿ ಆ ಬಸ್ಸಿಗೆ ಪಾಪದ ಬಸ್ಸು ಎಂದೇ ಹೆಸರು. ಹಾಗಾದರೆ ಈ ವರ್ಷ ಸ್ವಾಮಿಗೆ ಉಡಿಸುವುದನ್ನು ಬಿಟ್ಟುಬಿಡು ಎಂದರೆ, ಬಿಟ್ಟರೆ ಅತ್ತೆಗೆ ಕಾರಣ ಹೇಳಬೇಕು. ಸುಳ್ಳು ನಿವೇದನೆ ಮಾಡಿದರೆ ಅದು ಇನ್ನೂ ದೊಡ್ಡ ಪಾಪ. ಮೇಲಾಗಿ ಈಸ್ಟರಿಗೆ ಪರಮಪ್ರಸಾದ ತೆಗೆದುಕೊಳ್ಳದಿದ್ದರೆ ನಮ್ಮಲ್ಲಿ ಹೆಂಗಸು ಸತ್ತಂತೆಯೇ ಲೆಕ್ಕ. ಊರೆಲ್ಲ ನೋಡುತ್ತದೆ, ದೊನ್ ಸವೇರಿಯೊ ಮೊದಲು ನೋಡುತ್ತಾನೆ. ಅವಳು ದಿನೇ ದಿನೇ ಸೊರಗಿದಳು. ಅತ್ತೆಗೆ ಮಾತ್ರ ಎಂದಿನಂತೆ ತಿನ್ನಿಸುವುದು, ತೊಳೆಯುವುದು, ತಲೆ ಬಾಚುವುದು, ಒಂದನ್ನೂ ತಪ್ಪಿಸಲಿಲ್ಲ.

ಬುಧವಾರ ಬಂತು. ನಾನು ಎರ್ಮೀನಿಯಾಳ ಪಕ್ಕ ಕೂತು ಅವಳು ಊರವರ ಜನ್ಮ ಜಾಲಾಡುವುದನ್ನು ಕೇಳುತ್ತಿದ್ದೆ. ದೊನಾತಾ ಇಗರ್ಜಿಯಿಂದ ಬಂದಳು. ಅಡುಗೆಮನೆಗೆ ಹಿಂದೆಯೇ ಹೋದೆ. ಅವಳ ಏಪ್ರನ್ನಿನ ಜೇಬಿನಿಂದ ಗುಲಾಬಿ ಬಣ್ಣದ ರಬ್ಬರ್ ಗವಸು ಇಣುಕುತ್ತಿತ್ತು, ಪಾತ್ರೆ ತೊಳೆಯಲು ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಇದನ್ನ ಹಾಕ್ಕೊಂಡು ಉಡಿಸಿದ್ಯೇನೇ?"

"ಬರಿಗೈಲಿ ಮುಟ್ಟಬಾರ್ದು ಅಲ್ವಾ ಅಕ್ಕ. ನಿವೇದನೆ ಮಾಡಿಲ್ಲ. ಹೊಸಾದೇ ತಗೊಂಡೆ, ಪಾತ್ರೆದಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ ಗವಸನ್ನು ಅವಳ ಜೇಬಿನೊಳಕ್ಕೆ ತುರುಕಿದೆ. ಹೊಸ ಗವಸು ಕೊಂಡಳಂತೆ, ಪಾಪ. ದೇವರಿಗೆ ಮೋಸ ಮಾಡಲು ಬಾರದವಳು ಮರ್ಯಾದೆ ಕೊಟ್ಟು ದೂರ ನಿಲ್ಲಲು ನೋಡಿದ್ದಳು.

ಶುಕ್ರವಾರ ಮಧ್ಯಾಹ್ನ ಮೆರವಣಿಗೆ ನಮ್ಮ ಓಣಿಗೆ ತಿರುಗಿತು. ಎರ್ಮೀನಿಯಾಳನ್ನು ನಾನು, ದೊನಾತಾ ಇಬ್ಬರೂ ಸೇರಿ ಕುರ್ಚಿಗೆ ಎತ್ತಿ, ದಿಂಬು ಕೊಟ್ಟು, ಬಾಲ್ಕನಿಯಲ್ಲಿ ಕೂರಿಸಿದ್ದೆವು. ಆಕೆಯ ಮುಖ ಸ್ವಾಮಿಯ ತಲೆಯ ಮಟ್ಟಕ್ಕೆ ಬರುತ್ತದೆ, ಅಷ್ಟು ಕಿರಿದು ನಮ್ಮ ಓಣಿ. ನಾನು ಆಕೆಯ ಪಕ್ಕ ನಿಂತಿದ್ದೆ, ದೊನಾತಾ ಕೆಳಗೆ ಹೆಂಗಸರ ಸಾಲಿನಲ್ಲಿದ್ದಳು. ಹೊತ್ತವರು ನಮ್ಮ ಬಾಗಿಲ ಮುಂದೆ ಎಂದಿನಂತೆ ನಿಂತು ಹೆಗಲು ಬದಲಾಯಿಸಿದರು. ಪೀಠ ಒಂದು ಕಡೆ ವಾಲಿತು. ನಿಲುವಂಗಿ ಜಾರಿತು.

ಮೊದಲು ಒಂದು ಹೆಗಲಿನಿಂದ, ಆಮೇಲೆ ಪೂರ್ತಿ. ರೇಷ್ಮೆ ದಾರದ ಗಂಟು ಬಿಚ್ಚಿಕೊಂಡಿತ್ತು. ರಬ್ಬರ್ ಬೆರಳಲ್ಲಿ ಹಾಕಿದ ಗಂಟು, ಇನ್ನೇನಾಗುತ್ತದೆ? ಯಾರೂ ನೋಡದ ಸ್ವಾಮಿಯ ಬೆನ್ನು ಹಗಲು ಬೆಳಕಿನಲ್ಲಿ ಊರಿಗೆಲ್ಲ ಕಂಡಿತು. ಚಾಟಿಯ ಬಾಸುಂಡೆ, ಬಲ ಹೆಗಲಿನಲ್ಲಿ ಶಿಲುಬೆ ಒತ್ತಿ ಆದ ಹುಣ್ಣು. ಆ ಹುಣ್ಣಿನ ಪಕ್ಕದಲ್ಲಿ ಅಂಗೈಯಗಲ ಬಣ್ಣವೇ ಇರಲಿಲ್ಲ. ಬರೀ ಮರ, ಸವೆದು ನುಣುಪಾದ ಮರ. ಗಂಡಸರು ಟೋಪಿ ತೆಗೆದರು. ಯಾರೋ ಅತ್ತರು. ಸಂಘದ ಮುಖಂಡ ಓಡಿ ಬಂದು ಬಟ್ಟೆ ಮೇಲೆಳೆದು ಮುಚ್ಚಿದ. ದೊನ್ ಸವೇರಿಯೊ ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ, ಮೆರವಣಿಗೆ ಮುಂದೆ ಹೋಯಿತು. ದೊನಾತಾ ಹೋಗಲಿಲ್ಲ. ಓಣಿಯ ನಡುವೆ ನಿಂತೇ ಇದ್ದಳು.

ಮೇಲೆ ಬಂದವಳು ಅತ್ತೆಯ ಕಾಲ ಬಳಿ ನೆಲದ ಮೇಲೆ ಕುಸಿದಳು. ಎರ್ಮೀನಿಯಾ ಇನ್ನೂ ಓಣಿಯ ಕಡೆಗೇ ನೋಡುತ್ತಿದ್ದಳು.

"ನಾನು ಹೇಳಿಕೊಟ್ಟ ಗಂಟು ನಲವತ್ತು ವರ್ಷದಲ್ಲಿ ಒಂದು ಸಲಾನೂ ಬಿಚ್ಚಿರ್ಲಿಲ್ಲ. ಏನು ಮಾಡ್ದೆ?"

"ಗವಸು ಹಾಕ್ಕೊಂಡು ಕಟ್ಟಿದೆ ಅತ್ತೆ."

"ಗವಸು ಯಾಕೆ?"

ನಾನು ನಡುವೆ ಬಾಯಿ ಹಾಕಿ ಕೈಗೆ ಗಾಯ, ಬೊಬ್ಬೆ ಎಂದು ಏನೇನೋ ಹೇಳಲು ಹೋದೆ. ಮುದುಕಿ ಬಲಗೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು. ದೊನಾತಾ ಹೇಳಿಬಿಟ್ಟಳು, ಒಂದೂ ಮುಚ್ಚಿಡದೆ. ಪಟದ ಮುಂದೆ ನಿಂತದ್ದು, ಈ ವಾರಾನೇ ಎಂದದ್ದು, ನನಗೋಸ್ಕರ ಎಂದದ್ದು. ಹೇಳುವಾಗ ಅಳಲೂ ಇಲ್ಲ. ಅಳುವುದಕ್ಕೂ ಶಕ್ತಿ ಬೇಕಲ್ಲ.

ನಾನು ನನ್ನ ಜಪಮಾಲೆ ಹಿಡಿದುಕೊಂಡೆ. ಈಗ ಈ ಮನೆ ಎರಡಾಗುತ್ತದೆ ಎಂದುಕೊಂಡೆ. ಎರ್ಮೀನಿಯಾ ಸೊಸೆಯ ಕೈಗಳನ್ನು ನೋಡಿದಳು.

"ನನ್ನ ಹೇಲು ಉಚ್ಚೆ ಬಳಿತೀಯಲ್ಲ, ಯಾವತ್ತಾದ್ರೂ ಗವಸು ಹಾಕಿದ್ಯಾ?"

"ಇಲ್ಲ. ರಬ್ಬರು ಮೈಗೆ ತಾಗಿದ್ರೆ ನಿಮಗಾಗಲ್ಲ ಅಲ್ವಾ."

"ನನಗೆ ಬರಿಗೈ, ಅವನಿಗೆ ಗವಸು. ಚೆನ್ನಾಗಿದೆ ನಿನ್ನ ಭಕ್ತಿ."

ಮಾತು ಎಂದಿನಂತೆ ಚುಚ್ಚುವಂತಿತ್ತು, ದನಿ ಹಾಗಿರಲಿಲ್ಲ.

"ಹೆಗಲ ಮೇಲೆ ಬಣ್ಣ ಹೋಗಿರೋದು ನೋಡಿದ್ಯಲ್ಲ, ಹೇಗೆ ಹೋಯ್ತು ಅಂದ್ಕೊಂಡಿದ್ದೀಯ?"

"ಹುಳ ತಿಂದಿರ್ಬೇಕು ಅಂದ್ಕೊಂಡಿದ್ದೆ."

"ಹುಳ ಅಲ್ಲ, ಈ ಹಣೆ." ಬಲಗೈಯಿಂದ ತನ್ನ ಹಣೆ ತಟ್ಟಿ ತೋರಿಸಿದಳು. "ನಮ್ಮತ್ತೆ ಇದೇ ಕೋಣೇಲಿ ಬಿದ್ದಿದ್ಲು. ಕಣ್ಣೂ ಕಾಣ್ತಿರ್ಲಿಲ್ಲ, ಹೊಡೀತಿದ್ಲು ಬೇರೆ. ಉಡಿಸೋಕೆ ಹೋದಾಗೆಲ್ಲ ಬಾಗಿಲು ಹಾಕ್ಕೊಂಡು, ಅವನ ಹೆಗಲಿಗೆ ಹಣೆ ಒತ್ತಿ, ಈ ಮುದುಕೀನ ಕರ್ಕೋ ಅಂತ ಬೇಡ್ತಿದ್ದೆ. ನನಗಿಂತ ಮುಂಚೆ ಅವಳೂ ಅಲ್ಲಿ ಹಣೆ ಒತ್ತಿದ್ಲಂತೆ, ಸಾಯೋ ಮುಂಚೆ ಅವಳೇ ಹೇಳಿದ್ಲು. ಬರೀ ನನ್ನೊಬ್ಬಳ ಹಣೆಗೆ ಅಷ್ಟು ಸವೆಯುತ್ತೇನೇ?"

ದೊನಾತಾ ತಲೆಯೆತ್ತಿ ನೋಡಿದಳು.

"ಮೇಲಿರೋ ಇವನ ತಂದೆ, ಆ ದೇವರು, ದೊಡ್ಡೋನು. ಅವನಿಗೆ ಸೊಂಟನೋವು ಏನು ಗೊತ್ತು? ಇವನಿಗೆ ಗೊತ್ತು. ಇವನೂ ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ನೆಲಕ್ಕೆ ಬಿದ್ದು, ನನ್ನ ಕೈಲಾಗಲ್ಲಪ್ಪ, ಇದನ್ನ ತಪ್ಪಿಸು ಅಂತ ಬೇಡ್ಕೊಂಡೋನೇ ಅಲ್ವಾ. ಕಲ್ಲು ಸಿಕ್ಕಿದ ಕಡೆ ಕೂತೋನು. ಅದಕ್ಕೇ ನಮ್ಮ ಪರವಾಗಿ ಅಲ್ಲಿ ಮಾತಾಡೋಕೆ ಇವನನ್ನ ಇಟ್ಟಿರೋದು. ನೀನು ಕೇಳಿದ್ದನ್ನ ಅವನು ತಂದೆಗೆ ಹೇಳೋವಾಗ ಹಾಗೇ ಹೇಳ್ತಾನೆ ಅಂದ್ಕೊಂಡ್ಯಾ? ಆ ಹುಡುಗಿ ಸುಸ್ತಾಗಿದ್ದಾಳೆ ಅಂತ ಹೇಳ್ತಾನೆ, ಅಷ್ಟೇ."

ನಾನು ಆ ಮುದುಕಿಯ ಬಾಯಿಂದ ಅಷ್ಟು ಒಳ್ಳೆಯ ಮಾತು ಅದುವರೆಗೆ ಕೇಳಿರಲಿಲ್ಲ. ಕಣ್ಣೊರೆಸಿಕೊಂಡೆ. ಅದನ್ನೂ ನೋಡಿಬಿಟ್ಟಳು.

"ತೆಕ್ಲಾ, ನೀನ್ಯಾಕೆ ಮೂಗು ಸೊರಸೊರ ಅನ್ನಿಸ್ತೀಯ? ನಿನಗೆ ಅತ್ತೇನೇ ಇರ್ಲಿಲ್ಲ." ಆಮೇಲೆ ಸೊಸೆಗೆ, "ನಾಳೆ ಬೆಳಿಗ್ಗೆ ಸವೇರಿಯೊ ಹತ್ರ ಹೋಗು. ಅವನು ಚಿಕ್ಕೋನಿದ್ದಾಗ ಒಲೆ ಹಿಂದೆ ಕೂತು, ನಾನು ಬೈದಾಗೆಲ್ಲ ದೊಡ್ಡಮ್ಮ ಸಾಯ್ಲಿ ಅಂತಿದ್ದ. ಅವನಿಗೆ ಹೊಸ ಮಾತೇನಲ್ಲ."

ಶನಿವಾರ ದೊನಾತಾ ಹೋದಳು. ನಿವೇದನೆಯ ಮರದ ಗೂಡಿನಲ್ಲಿ ಏನಾಯಿತೋ ನಾನು ಕೇಳಲಿಲ್ಲ, ಅಷ್ಟು ಮರ್ಯಾದೆ ನನಗೂ ಇದೆ. ಅವಳಾಗಿ ಹೇಳಿದ್ದು ಇಷ್ಟೇ: ದೊನ್ ಸವೇರಿಯೊ, ಇನ್ನು ಮುಂದೆ ನಿಮ್ಮನ್ನು ಸಂತಳು ಅನ್ನಲ್ಲಮ್ಮ, ತಪ್ಪಾಯ್ತು ಎಂದನಂತೆ. ಅಲ್ಲಿಂದ ಅವಳು ಬಾಗಿಲು ಹಾಕಿಕೊಂಡು ಸ್ವಾಮಿಯ ಹಬ್ಬದ ನಿಲುವಂಗಿ ತೆಗೆದು ಹಳೆಯದನ್ನು ಉಡಿಸಲು ಹೋದಳು. ಜೇಬಿನಲ್ಲಿ ಗವಸು ಇರಲಿಲ್ಲ, ನಾನು ನೋಡಿದ್ದೆ. ಊರಿನವರಂತೂ ಅಷ್ಟು ಹೊತ್ತಿಗೆ, ಸ್ವಾಮಿ ತಾನಾಗಿ ಗಾಯ ತೋರಿಸಿದ ಎಂದು ಪವಾಡ ಮಾಡಿ ಮುಗಿಸಿದ್ದರು. ನಾನು ತಿದ್ದಲು ಹೋಗಲಿಲ್ಲ.

ಅವಳು ಮನೆಗೆ ಬಂದಾಗ ನಾನು ಸೂಪು ಬಿಸಿಮಾಡಿ ಇಟ್ಟಿದ್ದೆ. ಅವಳ ಹಣೆಯ ಮೇಲೆ ಎಣ್ಣೆಯ ಗುರುತು ತೆಳುವಾಗಿ ಹೊಳೆಯುತ್ತಿತ್ತು. ಅತ್ತೆಯ ತಲೆಯನ್ನು ತೋಳಿಗೆ ಒರಗಿಸಿಕೊಂಡು ಚಮಚ ಎತ್ತಿದಳು. ಎರ್ಮೀನಿಯಾ ಬಾಯಿ ತೆರೆಯಲಿಲ್ಲ, ಆ ಹಣೆಯನ್ನೇ ನೋಡುತ್ತಿದ್ದಳು.

"ಇವತ್ತೇನು ಕೇಳ್ಕೊಂಡೆ?"

ದೊನಾತಾ ಚಮಚ ಕೆಳಗಿಳಿಸಿದಳು. ಸುಳ್ಳು ಹೇಳಲು ಅವಳಿಗೆ ಆಗಲೂ ಬರಲಿಲ್ಲ.

"ಅದನ್ನೇ ಅತ್ತೆ."

"ಹೂಂ," ಎಂದಳು ಮುದುಕಿ. "ನಾನೂ ದಿನಾ ಅದನ್ನೇ ಕೇಳ್ತಿದ್ದೀನಿ. ಇಬ್ರೂ ಕೇಳ್ತಿದ್ದೀವಿ ಅಂದ್ಮೇಲೆ ಅವನೂ ಏನೋ ಒಂದು ಮಾಡ್ಯಾನು. ಅಲ್ಲೀವರ್ಗೂ ಸೂಪು ಕೊಡು, ಆರಿಹೋಗುತ್ತೆ."

ದೊನಾತಾ ನಕ್ಕಳು, ಎಷ್ಟೋ ತಿಂಗಳ ಮೇಲೆ. ಚಮಚವನ್ನು ಊದಿ ಅತ್ತೆಯ ಬಾಯಿಗಿಟ್ಟಳು. ಎರ್ಮೀನಿಯಾ ನುಂಗಿ, ಇದನ್ನು ಹಸಿದ ನಾಯಿ ಮಾತ್ರ ತಿನ್ನಬಹುದು ಎಂದಳು, ಮತ್ತೆ ಬಾಯಿ ತೆರೆದಳು.