ಟಿಕೆಟ್ಟು ಬಂತು, ಗಂಡ ಬರಲಿಲ್ಲ

ರಾಜಾತಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಮಿಳು ಸೀಮೆಯ ಕಡಯಂಪಟ್ಟಿಯ ಸುತ್ತಮುತ್ತ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಅವಳ ಕೋಪಕ್ಕೆ ತಕ್ಕ ಕಾರಣವಿತ್ತು. ಕನ್ನಡ ಮಾತಾಡುವ, ಕುರಿ ಸಾಕುವ ಅವರ ಮನೆಗಳಲ್ಲಿ ಬಾಣಂತನಕ್ಕೆ ಬಂದ ಹೆಣ್ಣು ತಾನಾಗಿ ಗಂಡನ ಮನೆಗೆ ಹೋಗುವುದಿಲ್ಲ. ಗಂಡ ಬರಬೇಕು. ನಾಲ್ಕು ಜನರ ಎದುರಿಗೆ ಮಗುವನ್ನು ತನ್ನ ಕೈಯಾರೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಇದು ನನ್ನ ಕೂಸು ಎಂದು ಊರಿಗೆ ಹೇಳಿದ ಹಾಗೆ.

ಬೊಂಬಾಯಿಯಲ್ಲಿ ವಿಮಾನ ಕಂಪನಿಯೊಂದರ ಕೆಲಸಕ್ಕಿದ್ದ ಗಂಡ ನಂಜಯ್ಯ ಬರಲಿಲ್ಲ. ರಜೆ ಸಿಗಲಿಲ್ಲವಂತೆ. ಕೆಲಸದವರ ಹೆಂಡಂದಿರಿಗೆ ಕಂಪನಿ ಕೊಡುವ ಬಿಟ್ಟಿ ಟಿಕೆಟ್ಟನ್ನು ಅಂಚೆಯಲ್ಲಿ ಕಳಿಸಿದ.

ಊರಿಗೆ ಊರೇ ಹಿಗ್ಗಿತು. "ನಮ್ಮ ಪೈಕಿ ಯಾರು ಪ್ಲೇನಾಗೆ ಓಗವ್ರೆ ಏಳು? ಪುಣ್ಯ ಮಾಡಿದ್ದೆ ಕಣಮ್ಮಿ," ಎಂದ ತಂದೆ ಮುತ್ತುಸ್ವಾಮಿ.

"ಕುರೀನ ಲಾರಿಗೆ ಏರಿಸ್ದಂಗೆ ನಮ್ಮನ್ನ ಏರಿಸ್ತಾವ್ನೆ. ಬಂದು ಕರ್ಕೊಂಡೋಗಾಕೆ ಅವನಿಗೆ ಕಾಲಿಲ್ವಾ?" ಎಂದಳು ರಾಜಾತಿ.

ಹುಟ್ಟಿದ್ದು ಹೆಣ್ಣು ಎಂದು ತಿಳಿಸಿದ ಮೇಲೆ ಅಳಿಯ ಈ ಕಡೆ ತಲೆ ಹಾಕಿರಲಿಲ್ಲ. ಹೆಣ್ಣೆಂದು ಕೈಬಿಟ್ಟನೇನೋ ಎಂದು ನೆರೆಯವರು ಆಡಿಕೊಳ್ಳುವುದು ತಾಯಿ ಪಳನಿಯಮ್ಮನ ಕಿವಿಗೂ ಬಿದ್ದಿತ್ತು, ಮಗಳ ಕಿವಿಗೂ ಬಿದ್ದಿತ್ತು.

ಮುತ್ತುಸ್ವಾಮಿ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಬಂದು ಮಗಳನ್ನು ವಿಮಾನ ನಿಲ್ದಾಣದ ಒಳಗೆ ಕಳಿಸಿ ಹೋದ. ವಿಮಾನದಲ್ಲಿ ಕೂತವಳೇ ರಾಜಾತಿ ಹಳೆ ಸೀರೆ ಹೊರತೆಗೆದು, ತಲೆಯ ಮೇಲೆ ಸಾಮಾನು ಇಡುವ ಕಂಬಿಗೆ ಬಿಗಿದು ಜೋಲಿ ಕಟ್ಟಿದಳು. ರೈಲಿನಲ್ಲಿ ಎಲ್ಲರೂ ಕಟ್ಟುತ್ತಾರೆ, ಇಲ್ಲೇಕೆ ಬೇಡ? ಮಗುವಿಗೆ ಇನ್ನೇನು ಜೊಂಪು ಹತ್ತಬೇಕು, ಗಗನಸಖಿ ಓಡಿ ಬಂದು ಇಂಗ್ಲಿಷಿನಲ್ಲಿ ಗದರಿಸಿ, ಮಗುವನ್ನು ತಾಯಿಯ ಮಡಿಲಿಗೆ ಹಾಕಿ, ಜೋಲಿ ಬಿಚ್ಚಲು ನಿಂತಳು. ಅದು ಟಗರು ಕಟ್ಟುವ ಗಂಟು. ಪಾಪ, ಬಿಚ್ಚುವಷ್ಟರಲ್ಲಿ ಅವಳ ಹಣೆಯ ಮೇಲೆ ಬೆವರೊಡೆಯಿತು. ರಾಜಾತಿ ಬೇಕೆಂದೇ ಸುಮ್ಮನೆ ನೋಡುತ್ತ ಕೂತಳು.

ವಿಮಾನ ಇಳಿಯತೊಡಗಿದಾಗ ಕಿವಿನೋವಿಗೆ ಮಗು ಕಿಟಾರನೆ ಕಿರುಚಿತು. ಪಕ್ಕದ ಕೋಟಿನ ಮನುಷ್ಯ ಮುಖ ಸಿಂಡರಿಸಿ, ಮಗುವನ್ನು ಸುಮ್ಮನಿರಿಸಲು ಬರುವುದಿಲ್ಲವೇ ಎಂದು ತಮಿಳಿನಲ್ಲಿ ಕೇಳಿದ. ನೀವು ಹುಟ್ಟಿದಾಗಲೇ ಕೋಟು ಹಾಕಿದ್ದಿರಾ ಎಂದು ಅವಳೂ ತಮಿಳಿನಲ್ಲೇ ಕೇಳಿದಳು. ಸೆರಗು ಮುಚ್ಚಿ ಮೊಲೆಗೆ ಹಾಕಿಕೊಂಡಳು. ಗುಟುಕು ಗುಟುಕಿಗೆ ಮಗುವಿನ ಅಳು ತಗ್ಗಿತು, ತಾಯಿಯ ಸಿಟ್ಟು ತಗ್ಗಲಿಲ್ಲ. ಈ ಅಳು ಕೇಳಬೇಕಾದವನು ಪಕ್ಕದಲ್ಲಿ ಇರಬೇಕಿತ್ತು.

ಬೊಂಬಾಯಿಯಲ್ಲಿ ಮೆಟ್ಟಿಲು ಇಳಿದಾಗ ಸುಡು ಬಿಸಿಲು. ಖಾಕಿ ತೊಟ್ಟವರು ವಿಮಾನದ ಹೊಟ್ಟೆಯಿಂದ ಪೆಟ್ಟಿಗೆಗಳನ್ನು ಇಳಿಸಿ ಗಾಡಿಗೆ ಹಾಕುತ್ತಿದ್ದರು. ಅವರಲ್ಲಿ ನಂಜಯ್ಯನೂ ಇದ್ದ. ಅವಳನ್ನು ಕಂಡೂ ಜಾಗ ಬಿಟ್ಟು ಕದಲಲಿಲ್ಲ.

"ಅತ್ಲಾಗೋಗಿ ಕೂತಿರು, ಡ್ಯೂಟಿ ಮುಗಿಸ್ಕೊಂಡು ಬತ್ತೀನಿ," ಎಂದು ನಿಲ್ದಾಣದ ಕಟ್ಟಡದ ಕಡೆ ಕೈ ತೋರಿಸಿದ.

ರಾಜಾತಿಗೆ ಮೈಯೆಲ್ಲ ಉರಿಯಿತು. ನಿಂತಲ್ಲೇ ನಿಂತಳು.

"ಬಂದು ಎತ್ಕೋ. ನೀನು ಎತ್ಕೊಳ್ಳೋಗಂಟ ನಾನು ಇಲ್ಲಿಂದ ಕದಲಾಕಿಲ್ಲ."

ಮೇಸ್ತ್ರಿ ಹಿಂದಿಯಲ್ಲಿ ಕೂಗಾಡಿದ. ಇಳಿದ ಜನ ತಿರುತಿರುಗಿ ನೋಡಿದರು. ನಂಜಯ್ಯನ ಮುಖ ಸಣ್ಣದಾಯಿತು. "ಎಲ್ಲಾರೂ ನೋಡ್ತಾವ್ರೆ, ಮಾನ ಕಳೀಬ್ಯಾಡ," ಎಂದ.

"ನೋಡ್ಲಿ. ಊರಾಗೆ ನೋಡಾಕೆ ಜನ ಕಾದಿದ್ರು, ನೀನು ಬರ್ಲಿಲ್ಲ. ಇವ್ರಾದ್ರೂ ನೋಡ್ಲಿ."

ಅವನು ಪೆಟ್ಟಿಗೆ ಕೆಳಗಿಟ್ಟ. ಅಂಗೈಯನ್ನು ಖಾಕಿಗೆ ಒರೆಸಿಕೊಂಡು ಬಂದು, ಎರಡೂ ಕೈ ಚಾಚಿ ಮಗಳನ್ನು ಎತ್ತಿಕೊಂಡ. ಮಗುವಿನ ಮುಖವನ್ನು ನೋಡುತ್ತಿದ್ದುದು ಅದೇ ಮೊದಲು. ಎಷ್ಟೋ ಹೊತ್ತು ನೋಡಿ, ಮೆಲ್ಲಗೆ ಕೇಳಿದ:

"ಕೂಸಿಗೆ ಎಸ್ರು ಏನಿಕ್ಕಿದ್ರಿ?"

"ಅದ ಕೇಳಾಕೂ ನಾವೇ ಇಷ್ಟು ದೂರ ಬರ್ಬೇಕಾಯ್ತು," ಎಂದಳು ರಾಜಾತಿ. ಅವತ್ತು ಅವನಿಗೆ ಹೆಸರು ಹೇಳಲಿಲ್ಲ.