ಒಂದಿಂಚು ಜಾಸ್ತಿ ಇರಲಿ

ಬೀದಿಯವರೆಲ್ಲ ಟೈಲರ್ ಮಾಮ ಎಂದು ಕರೆಯುವ ಈ ಮನುಷ್ಯ ಮೂವತ್ತು ವರ್ಷ ಊರವರ ಸೊಂಟ ಅಳೆದವನು. ಮೂವತ್ತೆಂಟು ಬಂದರೆ ಗಿರಾಕಿಯ ಎದುರಿಗೆ ಮೂವತ್ತಾರು ಎಂದು ಕೂಗಿ ಬರೆದುಕೊಂಡು, ಬಟ್ಟೆಯನ್ನು ಮಾತ್ರ ಮೂವತ್ತೆಂಟಕ್ಕೇ ಕತ್ತರಿಸುತ್ತಿದ್ದ. "ಪಾಪ, ಖುಷಿಯಾಗಿ ಹೋಗ್ಲಿ ಬಿಡು," ಎನ್ನುತ್ತಿದ್ದ ಹೆಂಡತಿಗೆ. ತನ್ನ ಸೊಂಟದ ಕಡೆ ಮಾತ್ರ ಅವನು ಟೇಪು ತಿರುಗಿಸಿದವನಲ್ಲ.

ಡಾಕ್ಟರು ತಿರುಗಿಸಿದರು. "ಸಕ್ಕರೆ ವಿಪರೀತ ಏರಿದೆ. ಒಂದು ತಿಂಗಳಲ್ಲಿ ಹೊಟ್ಟೆ ಇಳಿಸಿ," ಎಂದರು. ಮಾಮನಿಗೆ ತನ್ನ ಅಣ್ಣ ನೆನಪಾದ. ಅವನೂ ಟೈಲರೇ. ಇದೇ ಸಕ್ಕರೆಯಿಂದ ಒಂದು ಪಾದ ಕಳೆದುಕೊಂಡು ಮಿಷನ್ ತುಳಿಯುವುದನ್ನೇ ಬಿಟ್ಟಿದ್ದ.

ಮಗಳು ಅವತ್ತೇ ಆರೋಗ್ಯದ ಅಡುಗೆ ಪುಸ್ತಕವೊಂದನ್ನು ತಂದುಕೊಟ್ಟಳು. ಪುಟಪುಟಕ್ಕೂ ಬಣ್ಣದ ಚಿತ್ರ. ಮಾಮ ಕನ್ನಡಕ ಏರಿಸಿ ತಿರುವಿ ಹಾಕಿದ. "ಇದೇನು ಬ್ರಹ್ಮವಿದ್ಯೆನಾ? ಎಲ್ಲ ಅಳತೆ ತಾನೆ! ಅಳತೆ ಅಂದ್ಮೇಲೆ ಇಲ್ಲಿ ನನ್ನ ಬಿಟ್ರೆ ಯಾರಿದಾರೆ? ಇವತ್ತಿಂದ ಅಡುಗೆಮನೆ ನಂದು."

ಅಂಗಡಿಯಲ್ಲಿ ಕಾಜ, ಗುಂಡಿ, ಕೈಹೊಲಿಗೆ ನೋಡಿಕೊಳ್ಳುತ್ತಿದ್ದ ಹೆಂಡತಿ, "ಆಗ್ಲಿ ಮಹಾರಾಯರೇ," ಎಂದು ಸೌಟು ಕೈಗೆ ಕೊಟ್ಟಳು.

ಆಮೇಲೆ ನೋಡಬೇಕಿತ್ತು ಅವನ ದರ್ಬಾರು! ಕ್ಯಾರೆಟ್ಟಿಗೆ ಟೇಪು ಹಿಡಿದು ಅರ್ಧರ್ಧ ಇಂಚಿಗೆ ಹೆಚ್ಚಿದ. ಸೂಪು ಬಡಿಸಿ, "ಲೇ, ಇದು ಸೂಪೋ ಬಟ್ಟೆ ಹಿಂಡಿದ ನೀರೋ?" ಎಂದು ತಾನೇ ಕೇಳಿ ತಾನೇ ನಕ್ಕ. ನಕ್ಕು ಇನ್ನೊಂದು ಬಟ್ಟಲು ಬಗ್ಗಿಸಿಕೊಂಡ. ಎಣ್ಣೆ ಒಂದು ಚಮಚ ಎಂದಿತ್ತು ಪುಸ್ತಕ. ಒಂದು ಹಾಕಿದ ಕೈ ತಾನಾಗಿ ಇನ್ನೊಂದು ಹಾಕಿತು. ಬಾದಾಮಿ ಒಂದು ಹಿಡಿ ಎಂದರೆ ಮೇಲೊಂದು ಹಿಡಿ.

"ಬುಕ್ಕಲ್ಲಿ ಅಷ್ಟಿಲ್ಲ ರೀ," ಎಂದಳು ಹೆಂಡತಿ.

"ಬಟ್ಟೆ ಕಮ್ಮಿ ಬಿದ್ರೆ ಎಲ್ಲಿಂದ ತರ್ತೀಯ? ಒಂದಿಂಚು ಜಾಸ್ತಿ ಇರಲಿ. ಆರೋಗ್ಯದ್ದೇ ಅಲ್ವಾ ಎಲ್ಲ!"

ಮೂರನೇ ವಾರ ಒಂದು ಬೆಳಿಗ್ಗೆ ಪ್ಯಾಂಟು ಸಲೀಸಾಗಿ ಏರಿತು, ಗುಂಡಿ ತಕರಾರಿಲ್ಲದೆ ಕೂತಿತು. ಮಾಮನಿಗೆ ಭೂಮಿಯ ಮೇಲೆ ಕಾಲೇ ನಿಲ್ಲಲಿಲ್ಲ. ಕಾಲರ್ ಅಳತೆಗೆ ಬಂದವರಿಗೂ ಸೊಂಟ ತೋರಿಸಿ ಸೂಪಿನ ಮಹಿಮೆ ಹೇಳಿದ. ಡಾಕ್ಟರ ಬಳಿಗೆ ಹೋಗುವ ಹಿಂದಿನ ದಿನ, ಪ್ಯಾಂಟನ್ನು ಒಂದಿಷ್ಟು ಬಿಗಿ ಮಾಡಿ ಗತ್ತಿನಿಂದ ಹೋಗೋಣವೆಂದು ಅದನ್ನು ಒಳಮಗ್ಗುಲಿಗೆ ತಿರುಗಿಸಿದ.

ಹಿಂಬದಿಯ ಹೊಲಿಗೆಯೊಳಗೆ, ಮುಂದೆ ಸಡಿಲಿಸಲು ಬೇಕಾದೀತೆಂದು ಅವನೇ ಬಿಟ್ಟಿದ್ದ ಎರಡಿಂಚು ಬಟ್ಟೆ ಖರ್ಚಾಗಿಹೋಗಿತ್ತು. ತನ್ನ ಮಿಷನ್ ಹೊಲಿಗೆ ಬಿಚ್ಚಿತ್ತು. ಅದರ ಜಾಗದಲ್ಲಿ ಒತ್ತೊತ್ತಾದ, ಸಣ್ಣ, ಓರೆಯ ಕೈಹೊಲಿಗೆ. ಆ ಕೈ ಯಾರದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

"ಇದೇನೇ ಇದು?"

ಹೆಂಡತಿ ಕಾಜದಿಂದ ತಲೆ ಎತ್ತಲಿಲ್ಲ. "ಅಷ್ಟು ಆಸೆಪಟ್ಟು ಬೇಯಿಸ್ತಿದ್ರಿ. ದಿನಾ ಉಸಿರು ಕಟ್ಟಿ ಗುಂಡಿ ಹಾಕೋದು ನೋಡೋಕಾಗ್ಲಿಲ್ಲ. ನೀವು ಗಿರಾಕಿಗಳಿಗೆ ಮಾಡಲ್ವಾ?"

"ಅದು ಗಿರಾಕಿಗಳಿಗೆ ಕಣೇ!"

"ನಿಮ್ಮಣ್ಣನ ಕಾಲು ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ. ನಿಮ್ಮ ಮುಖ ಬಾಡಿದ್ರೂ ತಡೆಯೋಕಾಗಲ್ಲ. ನಾನೇನ್ ಮಾಡ್ಲಿ ಹೇಳಿ?"

ಮಾಮನಿಗೆ ನಾಚಿಕೆಯಾಯಿತು. ಗಿರಾಕಿಗಳಿಗೆ ಹಾಕಿದ ಟೋಪಿ ತನ್ನ ತಲೆಗೇ ಬಂದು ಕೂತಿತ್ತು, ಅಳತೆಯೂ ಸರಿಯಾಗಿತ್ತು. ಅವಳ ಹೊಲಿಗೆ ಬಿಚ್ಚಿ, ಹಳೆಯ ಗೆರೆಯ ಮೇಲೆಯೇ ಮಿಷನ್ ಓಡಿಸಿದ. ಎರಡೂ ಕಾಲುಗಳಿಂದ ತುಳಿದ. ಹಾಕಿಕೊಂಡು ಗುಂಡಿ ಸೇರಿಸುವಷ್ಟರಲ್ಲಿ ದೇವರು ಕಂಡ.

ಅವತ್ತು ಸಂಜೆ ಪುಸ್ತಕ ತೆರೆದು ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟ. ಕೈ ತಾನಾಗಿ ಮತ್ತೆ ಡಬ್ಬಿಗೆ ಹೋಯಿತು. ಅಲ್ಲೇ ನಿಲ್ಲಿಸಿ, ಚಮಚವನ್ನು ಹೆಂಡತಿಯ ಕಡೆ ಚಾಚಿದ.

"ಇನ್ಮೇಲೆ ಎಣ್ಣೆ ನೀನೇ ಹಾಕು ಮಾರಾಯ್ತಿ. ಊರಿಗೆಲ್ಲ ಅಳತೆ ತೆಗೆದೆ, ನನ್ನ ಅಳತೆ ನಂಗೆ ಬರಲ್ಲ."

ಅವಳು ಚಮಚ ಇಸಿದುಕೊಂಡು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದಳು.