ಅಮರೇಶನ ಬೋಟ್ ಎದ್ದಿತು, ನನ್ನದು ಏಳಲಿಲ್ಲ

ಯಾವ ಅಮರೇಶ...?
ಬೆಳಿಗ್ಗೆ ಫೋನ್ ಬಂದಾಗ ನಾನು ಕೇಳಿದ್ದು ಇಷ್ಟೇ.
ನಮ್ಮ ಕಡೆ ಓಣಿಗೊಬ್ಬ ಅಮರೇಶ ಇರುತ್ತಾನೆ. ಬೇರೆ ಯಾರೋ ಆಗಿರಲಿ ಅಂದುಕೊಂಡೆ...

"ನಮ್ಮ ಅಮರೇಶ ರೀ ಸರ್. ಮಸ್ಕಿ ಅಮರೇಶ. ಶಟರ್ ಎತ್ತಾಕ ಬಗ್ಗ್ಯಾನ, ಹಂಗಾ ಕುಂತುಬಿಟ್ಟಾನ..."
ಫೋನ್ ಮಾಡಿದ್ದು ಲಿಂಗಸುಗೂರಿನ ಫೋಟೋ ಸ್ಟುಡಿಯೋ ಖಾಜಾಭಾಯ್.
ಹಾರ್ಟ್ ಅಟ್ಯಾಕ್ ಅಂತೆ.
ಮಣ್ಣಿಗೆ ಹೋಗಿ ಸಿಂಧನೂರಿಗೆ ವಾಪಸ್ ಬಂದು ಕೂತಿದ್ದೇನೆ. ಇನ್ನೂ ನಂಬಲು ಆಗುತ್ತಿಲ್ಲ.

ಫ್ರೆಂಡ್ಸ್... ನಿಮ್ಮಲ್ಲಿ ಬಹಳ ಜನಕ್ಕೆ ಅವನು ಗೊತ್ತಿಲ್ಲ.
ಮಸ್ಕಿಯಲ್ಲಿ ಅವನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಎಸ್ಸೆಸ್ಸೆಲ್ಸಿ ಫೇಲ್.
ನಾನು ಇಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್.
ನಾವಿಬ್ಬರು, ಖಾಜಾಭಾಯ್... ಮೂವರಿಗೂ ಒಂದೇ ಹುಚ್ಚು.
ಹೈಡ್ರೋಪ್ಲೇನ್.

ಅಂದರೆ ರೇಸಿನ ಬೋಟ್. ನೀರನ್ನು ಸೀಳಿಕೊಂಡು ಹೋಗುವುದಲ್ಲ... ಸ್ಪೀಡ್ ಬಂದ ಕೂಡಲೇ ಮೇಲೆದ್ದು, ನೀರಿಗೆ ಮೂರೇ ಕಡೆ ತಾಗಿಕೊಂಡು ಓಡುವ ಬೋಟ್. ಮುಂದೆ ಎರಡು ಕಡೆ, ಹಿಂದೆ ನೀರು ತಳ್ಳುವ ಫ್ಯಾನು.
ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಮೆರಿಕದ ಹಳೇ ವಿಡಿಯೋ ನೋಡುತ್ತಿದ್ದೆವು. ಮಹಾಯುದ್ಧ ಮುಗಿದ ಮೇಲೆ ಉಳಿದ ವಿಮಾನದ ಇಂಜಿನ್‌ಗಳನ್ನು ಬೋಟಿಗೆ ಕೂರಿಸಿ ಅಲ್ಲಿಯವರು ರೇಸ್ ಬಿಟ್ಟರಂತೆ. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳುತ್ತಿದ್ದವನು ನಾನೇ.
"ನಮ್ಮಲ್ಲಿ ವಿಮಾನ ಎಲ್ಲಿ ತರೋದ್ರೀ ಸರ್... ಮೋಟಾರ್ ಅದಾವಲ್ಲ," ಎಂದ ಅಮರೇಶ.

ಮುಂದಿನ ವಾರವೇ ಶುರು ಹಚ್ಚಿದ. ಪ್ಲೈವುಡ್, ಥರ್ಮಾಕೋಲ್, ತಾನೇ ತಂತಿ ಸುತ್ತಿದ ಪುಟ್ಟ ಮೋಟಾರ್, ರಿಮೋಟ್.
ನಾನೂ ಒಂದು ಮಾಡಿದೆ. ಗ್ರಾಫ್ ಶೀಟಿನ ಮೇಲೆ ಡ್ರಾಯಿಂಗ್ ಹಾಕಿ, ಭಾರದ ಸೂತ್ರ ಬರೆದು...
ಭಾನುವಾರ ಬಳಗಾನೂರು ಕಡೆಯ ಕೆರೆಗೆ ಒಯ್ದೆವು.
ನನ್ನದು ಹತ್ತು ಮಾರು ಹೋಗಿ ಮೂತಿ ಅದ್ದಿತು. ಮತ್ತೆ ಬಿಟ್ಟೆ, ಮತ್ತೆ ಅದ್ದಿತು.
ದಂಡೆಯ ಮೇಲೆ ಎಮ್ಮೆಯ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರು, "ಸಾರ್‌ದು ಜಳಕ ಮಾಡಾಕತ್ತೈತಿ ಬಿಡ್ರಿ," ಎಂದರು.
ಅವನದು ಎದ್ದಿತು.
ಹಿಂದೆ ನೀರು ಹುಂಜದ ಪುಚ್ಚದ ಹಾಗೆ ಎದ್ದು ನಿಂತಿತು...
ನಾನು ಚಪ್ಪಾಳೆ ತಟ್ಟಿದೆ. ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದಂತಾಗಿತ್ತು.

ಅಮರೇಶ... ಉಳಿದದ್ದನ್ನು ನಿನಗೇ ಹೇಳುತ್ತೇನೆ. ಇವರು ಕೇಳಿಸಿಕೊಳ್ಳಲಿ.

ನೀನು ಸೂತ್ರ ಕೇಳಲಿಲ್ಲ. ಬೋಟನ್ನು ಅಂಗೈ ಮೇಲೆ ಇಟ್ಟುಕೊಂಡು, "ಸರ್, ಇದಕ ಹಿಂದ ಒಂದೀಟು ಭಾರ ಬೇಕಂತೈತಿ," ಎನ್ನುತ್ತಿದ್ದೆ. ಬೋಟ್ ನಿನ್ನ ಹತ್ತಿರ ಮಾತಾಡುತ್ತಿತ್ತು, ನನ್ನ ಹತ್ತಿರ ಇಲ್ಲ.
ಅದಕ್ಕೇ ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನೀನು ಬೇಕೂ ಬೇಕಾಗಿತ್ತು, ಪ್ರತಿ ಭಾನುವಾರ.

ಖಾಜಾಭಾಯ್ ನಿನ್ನ ಬೋಟಿನ ವಿಡಿಯೋ ತೆಗೆದ ದಿನ ನೆನಪಿದೆಯಾ...
"ಹೊರಗಿನ ದೇಶದಾಗ ಬೋಟ್ ಕಟ್ಟೋರ ಗ್ರೂಪಿಗೆ ಹಾಕ್ರಿ ಸರ್. ಇಂಗ್ಲಿಷ್‌ನ್ಯಾಗ ನೀವಾ ಬರೀರಿ. ನನ್ನ ಹೆಸರೂ ಹಾಕ್ರಿ," ಎಂದಿದ್ದೆ ನೀನು.
ನಾನು ಬರೆದೆ.
ಡಿಸೈನ್ ನನ್ನದು, ಬೋಟ್ ನನ್ನದು, ಇಲ್ಲಿಯ ಒಬ್ಬ ಮೆಕ್ಯಾನಿಕ್ ಸ್ವಲ್ಪ ಸಹಾಯ ಮಾಡಿದ್ದಾನೆ... ಅಂತ.
ನಿನ್ನ ಹೆಸರು ಹಾಕಲಿಲ್ಲ.

ಜೀವಮಾನವಿಡೀ ಬೋಟ್ ಕಟ್ಟಿದ ಮುದುಕರು ಅಲ್ಲಿಂದ ಕಾಮೆಂಟ್ ಬರೆದರು. ಎಲ್ಲ ನನಗೆ.
ನೀನು ಚಹಾದ ಕಪ್ ಹಿಡಿದು ನನ್ನ ಮೊಬೈಲಿಗೆ ಬಗ್ಗಿ, "ಏನಂತಾರ್ರೀ ಸರ್?" ಎಂದೆ.
"ಚಲೋ ಐತಂತ."
"ನನ್ನ ಹೆಸರು ಅನ್ನಾಕ ಬರ್ತೈತೇನ್ರೀ ಅವ್ರಿಗೆ?"
"ಬರ್ತೈತಿ," ಎಂದೆ ನಾನು.
ಅಷ್ಟು ಸಲೀಸಾಗಿ ಅಂದುಬಿಟ್ಟೆ ಮಾರಾಯ.

ಇವತ್ತು ನಿನ್ನ ಮನೆ ಮುಂದೆ ಕಾಲಿಡಲು ಜಾಗ ಇರಲಿಲ್ಲ. ವಳಕಮದಿನ್ನಿಯವರು, ಪಾಮನಕಲ್ಲೂರಿನವರು... ನೀನು ಮೋಟಾರ್ ರಿಪೇರಿ ಮಾಡಿಕೊಟ್ಟವರೆಲ್ಲ.
ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಅನ್ನಿಸಿತು. ನಿನ್ನ ಹೆಣದ ಮುಂದೆ ನಿಂತು ಇದನ್ನು ಯೋಚಿಸಿದೆ. ನಾಚಿಕೆ ಆಮೇಲೆ ಬಂತು.

ಖಾಜಾಭಾಯ್ ನನ್ನನ್ನು ಪಕ್ಕಕ್ಕೆ ಕರೆದರು.
"ಸರ್, ಅವನಿಗೆ ಗೊತ್ತಿತ್ತು. ನೀವು ಬರ್ದಿದ್ದು ಮೊಬೈಲ್‌ನ್ಯಾಗ ಕನ್ನಡ ಮಾಡಿ ನಾನಾ ಓದಿ ಹೇಳೀನಿ. ಹೋದ ವರ್ಷ."
"ಏನಂದ?" ಎಂದೆ.
"ಇನ್ನೊಮ್ಮೆ ಓದಿಸಿ ಕೇಳ್ದ. ಆಮ್ಯಾಲ... ಬಿಡು ಭಾಯ್, ಸರ್ ಬೋಟ್ ಒಂದಿನಾನೂ ಎದ್ದಿಲ್ಲ, ಇದರಾಗರ ಖುಷಿ ಪಡ್ಲಿ ಅಂದ. ಯಾರ ಮುಂದೂ ಹೇಳಬ್ಯಾಡ ಅಂತ ಕೈ ಮ್ಯಾಲ ಕೈ ಹಾಕಿಸ್ಕೊಂಡ."

ಹೋದ ವರ್ಷ...
ಅಂದರೆ ಆಮೇಲೆ ಎಷ್ಟೋ ಭಾನುವಾರ ನನ್ನ ಜೊತೆ ಕೆರೆಗೆ ಬಂದೆ ನೀನು. ನನ್ನ ಬೋಟಿನ ಮೂತಿ ಒರೆಸಿ ಕೊಟ್ಟೆ. ಸರ್ ಸರ್ ಅನ್ನುತ್ತಲೇ ಇದ್ದೆ.
ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಜಗಳ ಆಡಿ ಸರಿ ಹೋಗುತ್ತಿದ್ದೆವು.
ನೀನು ಕನಿಕರ ಪಟ್ಟೆ... ಅದೂ ನನ್ನ ಮೇಲೆ.
ಇಷ್ಟು ದೊಡ್ಡ ಮನಸ್ಸು ನಿನಗೆ ಹೇಗೆ ಬಂತು, ನನಗೆ ಯಾಕೆ ಬರಲಿಲ್ಲ?

ಈಗ ಆ ಗ್ರೂಪಿನಲ್ಲಿ ಬರೆದಿದ್ದೇನೆ. ಈ ಬೋಟ್ ಕಟ್ಟಿದವನು ಮಸ್ಕಿಯ ಅಮರೇಶ. ನಾನು ಸುಳ್ಳು ಹೇಳಿದ್ದೆ. ಅವನು ಇವತ್ತು ತೀರಿಕೊಂಡ.
ಕಾಮೆಂಟ್ ಬರುತ್ತಲೇ ಇವೆ. ನನ್ನನ್ನು ಯಾರೂ ಬೈದಿಲ್ಲ. ನನ್ನ ಬಗ್ಗೆ ಯಾರೂ ಏನೂ ಬರೆದಿಲ್ಲ.
ಎಲ್ಲರೂ ನಿನ್ನ ಬಗ್ಗೆಯೇ ಕೇಳುತ್ತಿದ್ದಾರೆ... ಹೇಗೆ ಕಟ್ಟಿದ, ಎಲ್ಲಿ ಕಲಿತ, ಇನ್ನೂ ವಿಡಿಯೋ ಇದೆಯಾ ಅಂತ.
ಓದುತ್ತಾ ಅಳುತ್ತಿದ್ದೇನೆ. ಹೊಟ್ಟೆಯೂ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಹೋಗಿ ಬಾ ಅಮರೇಶ.
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ...
ನನ್ನದಕ್ಕೆ ಇಷ್ಟು ಬೇಗ ಬೇಡ.